ಬಾಣಂತಿ ಕೋಣೆಗೆ ಗಾಳಿ: ಕಿಟಕಿಯೋ, ಎಕ್ಸಾಸ್ಟ್ ಫ್ಯಾನೋ, ಪ್ಯೂರಿಫೈಯರೋ?

ಹೋದ ಜುಲೈನಲ್ಲಿ ಮಗಳು ಬಾಣಂತನಕ್ಕೆ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದಳು. ಹೊರಗೆ ಬಿಡದೆ ಮಳೆ. ಒಳಗೆ ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ. ಕಿಟಕಿ ಪೂರ್ತಿ ಬಂದ್, ಬಾಗಿಲ ಸಂದಿಗೆ ಹಳೇ ಸೀರೆ, ಸಂಜೆಯಾದರೆ ಮಂಚದ ಪಕ್ಕ ಅಗ್ಗಿಷ್ಟಿಕೆಯಲ್ಲಿ ಕೆಂಡ. "ಗಾಳಿ ತಾಗಿದ್ರೆ ಸನ್ನಿ ಹಿಡಿಯುತ್ತೆ ಕಣೇ, ನಿಂಗೆ ಗೊತ್ತಾಗಲ್ಲ" ಅಂತ ನಮ್ಮ ಅತ್ತೆ. ನಾನೂ ಸುಮ್ಮನಿದ್ದೆ. ನನ್ನ ಬಾಣಂತನವೂ ಹೀಗೇ ಆಗಿತ್ತಲ್ವಾ.

ನಾಲ್ಕನೇ ದಿನ ಬೆಳಿಗ್ಗೆ ಮಗಳು ತಲೆನೋವು ಅಂದಳು. ಅಂಗಳಕ್ಕೆ ಹೋಗಿ ವಾಪಸ್ ಒಳಗೆ ಬಂದಾಗ ನನಗೆ ಮೂಗಿಗೆ ಬಡಿಯಿತು. ಹಾಲು, ಎಣ್ಣೆ, ಒಣಗದ ಬಟ್ಟೆ, ರಾತ್ರಿಯ ಉಸಿರು, ಎಲ್ಲ ಸೇರಿದ ದಪ್ಪ ವಾಸನೆ. ಕೆಂಡದ ವಿಷಯ ಕೇಳಿದ ಕೂಡಲೇ ಡಾಕ್ಟರು, "ಮೊದಲು ಅದನ್ನು ಹೊರಗೆ ಹಾಕಿ" ಎಂದರು. ಆ ವಾರ ಅಳಿಯ ಹಾಸನದಿಂದ ಗಾಳಿ ಅಳೆಯುವ ಮೀಟರ್ ತಂದರು. ಕೆಂಡ ಇಲ್ಲದಿದ್ದರೂ ಬೆಳಗಿನ ಜಾವ ಅದು 2,900 ತೋರಿಸಿತು.

ಆಮೇಲೆ ಮೂರು ತಿಂಗಳು ಒಂದೊಂದೇ ಉಪಾಯ ಮಾಡಿ ನೋಡಿದೆವು. ಮಲೆನಾಡಿನ ಮಳೆಗಾಲದಲ್ಲಿ ಎಳೆ ಕೂಸಿರುವ ಕೋಣೆಗೆ ಯಾವುದು ಸರಿ, ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದು ಬೇಡ ಎಂದು ಇನ್ನೊಬ್ಬ ತಾಯಿ ಹುಡುಕುತ್ತಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

2,900 ಅಂದರೆ ಏನು?

ಅದು ಪಿಪಿಎಂ ಲೆಕ್ಕ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಭಾಗ ಇದೆ ಎಂದು. ಬಯಲಿನಲ್ಲಿ ಈಗ ಸುಮಾರು 420ರಿಂದ 430 ಇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಹತ್ತಿರ ಹತ್ತಿರ 40,000. ಹಾಗಾಗಿ ಮುಚ್ಚಿದ ಕೋಣೆಯಲ್ಲಿ ಅಂಕಿ ಏರಿದರೆ, ಬಿಟ್ಟ ಉಸಿರು ಹೊರಗೆ ಹೋಗುತ್ತಿಲ್ಲ ಎಂದೇ ಅರ್ಥ.

1,000 ದಾಟಬಾರದು ಎಂಬ ಮಾತು ತುಂಬ ಹಳೆಯದು. ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಪೆಟೆನ್‌ಕೋಫರ್ 1858ರಲ್ಲೇ ಅದನ್ನು ಹೇಳಿದ್ದರು. 1,000 ದಾಟಿದ ಕೂಡಲೇ ವಿಷವಾಗುತ್ತದೆ ಅಂತ ಅವರು ಹೇಳಲಿಲ್ಲ. ಕೋಣೆ ಹಳಸಿದೆ ಎಂದು ಗುರುತಿಸಲು ಅದೊಂದು ಗುರುತು. ಕಾರ್ಖಾನೆಗಳಲ್ಲಿ ಎಂಟು ಗಂಟೆ ಕೆಲಸ ಮಾಡುವವರಿಗೆ ಅಮೆರಿಕದಂಥ ದೇಶಗಳು ಇಟ್ಟ ಮಿತಿಯೇ 5,000. ಆದ್ದರಿಂದ ಮೀಟರ್ 1,300 ತೋರಿಸಿದರೆ ಹೆದರಬೇಡಿ.

ನನಗೆ ಮನಸ್ಸಿಗೆ ತಟ್ಟಿದ್ದು ಬೇರೆ ಲೆಕ್ಕ. ಕೋಣೆ 2,000 ಇದ್ದರೆ, ಅದರಲ್ಲಿ ಹೊರಗಿನ 420 ಕಳೆಯಿರಿ. ಉಳಿದದ್ದನ್ನು 40,000ದಿಂದ ಭಾಗಿಸಿ. ಸುಮಾರು 100ಕ್ಕೆ 4. ಅಂದರೆ ಕೂಸು ಎಳೆದುಕೊಳ್ಳುವ ನೂರು ಉಸಿರಿನಲ್ಲಿ ನಾಲ್ಕು ಉಸಿರಿನಷ್ಟು ಗಾಳಿ ಆಗಲೇ ಯಾರದೋ ಎದೆಯಿಂದ ಹೊರಬಂದದ್ದು. ಕೋಣೆಯಲ್ಲಿ ತಾಯಿ ಒಬ್ಬಳೇ ಇದ್ದರೆ ಚಿಂತೆಯಿಲ್ಲ. ಆದರೆ ಮಗು ನೋಡೋಕೆ ಜನ ಬರುತ್ತಾರೆ. ಎಂಟು ಜನ ಸುಮ್ನೆ ಕೂತರೂ ಒಬ್ಬೊಬ್ಬರು ಗಂಟೆಗೆ ಹತ್ತಿರ 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ನಮ್ಮ ಕೋಣೆಯಲ್ಲಿ ಹಿಡಿಯುವ ಗಾಳಿ ಸುಮಾರು 34 ಘನ ಮೀಟರ್. ಕಿಟಕಿ ಮುಚ್ಚಿದ್ದರೆ ಅರ್ಧ ಗಂಟೆಯಲ್ಲಿ 2,000ಕ್ಕಿಂತ ಜಾಸ್ತಿ ಏರುತ್ತದೆ. ಅವರಲ್ಲಿ ಒಬ್ಬರಿಗೆ ನೆಗಡಿ ಜ್ವರ ಇದ್ದರೆ ಅದೂ ಅದೇ ಗಾಳಿಯಲ್ಲಿ ತೇಲುತ್ತಿರುತ್ತದೆ. ನಾವು ಬಂದವರನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟೆವು. ಒಬ್ಬೊಬ್ಬರೇ ಬಂದು ಬಾಗಿಲಿಂದ ಮುಖ ನೋಡಿ ಹೋದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮೊದಲು ಕೆಂಡ

ಉಳಿದ ಹೋಲಿಕೆಗೆ ಮುಂಚೆ ಇದನ್ನು ಹೇಳಲೇಬೇಕು. ಉಸಿರಿನಿಂದ ಬರುವುದು ಇಂಗಾಲದ ಡೈಆಕ್ಸೈಡ್. ಕೆಂಡದಿಂದ ಅದರ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಎರಡೂ ಬೇರೆ ಬೇರೆ. ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತೂಕಡಿಕೆ. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗುವುದಿಲ್ಲ. ಹೊಗೆ ಇಲ್ಲದೆ ನಿಗಿನಿಗಿ ಹೊಳೆಯುವ ಕೆಂಡ ನೋಡಿ "ಇದರಲ್ಲಿ ಹೊಗೆ ಎಲ್ಲಿದೆ?" ಅಂತ ನಂಬಿಬಿಡುತ್ತೇವೆ. ಮಾನಾಕ್ಸೈಡ್ ಆ ಹೊಗೆಯಿಲ್ಲದ ಕೆಂಡದಿಂದಲೂ ಬರುತ್ತದೆ.

ಇಂಗಾಲದ ಡೈಆಕ್ಸೈಡ್ ಮೀಟರ್ ಮಾನಾಕ್ಸೈಡನ್ನು ತೋರಿಸುವುದೇ ಇಲ್ಲ. ಮೀಟರ್ 900 ತೋರಿಸುತ್ತಿದೆ, ಕೆಂಡ ಇದ್ದರೂ ಪರವಾಗಿಲ್ಲ ಎಂದುಕೊಂಡರೆ ಜೀವಕ್ಕೆ ಅಪಾಯ. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದರೂ ಇದೇ ಮಾತು. ಬಾಣಂತಿ ಸ್ನಾನ ಬೇಗ ಮುಗಿಯುವಂಥದ್ದಲ್ಲ. ಎಣ್ಣೆ, ಬಿಸಿನೀರು, ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಾರೆ. ಗ್ಯಾಸ್ ಗೀಸರ್ ಹೊರಗಿನ ಗೋಡೆಯಲ್ಲಿ ಇರಲಿ, ಬಿಸಿನೀರು ಮಾತ್ರ ಒಳಗೆ ಬರಲಿ. ಹಂಡೆ ಒಲೆಯ ಬಚ್ಚಲಾದರೆ ಹೊಗೆ ಹೋಗುವ ದಾರಿ ತೆರೆದೇ ಇರಲಿ.

ನಮ್ಮೂರಿನಲ್ಲಿ ಅಂಗಡಿಯ ಮಾಳಿಗೆ ಮೇಲೆ ಮನೆ ಇರುವವರಿಗೂ ಒಂದು ಮಾತು. ಹುರಿದ ಕಾಫಿ ಬೀಜವೂ, ಪುಡಿಯೂ ದಿನಗಟ್ಟಲೆ ಈ ಎರಡೂ ಅನಿಲಗಳನ್ನು ಬಿಡುತ್ತವೆ. ಮನೆಯ ಡಬ್ಬದಲ್ಲಿರುವ ಪುಡಿಯಿಂದ ಏನೂ ಆಗದು. ಮೂಟೆಗಟ್ಟಲೆ ಹುರಿದ ಬೀಜ ತುಂಬಿಟ್ಟ ಮುಚ್ಚಿದ ಕೋಣೆ ಮಾತ್ರ ಸುಮ್ಮನೆ ಬಿಡುವ ವಿಷಯ ಅಲ್ಲ.

ಹಾಗಾದರೆ ಬೆಚ್ಚಗಿಡುವುದು ಹೇಗೆ? ಅತ್ತೆಯ ಕಾಳಜಿಯಲ್ಲಿ ದೊಡ್ಡ ಸತ್ಯ ಇದೆ. ಹೆರಿಗೆ ಕೋಣೆ 25 ಡಿಗ್ರಿಗಿಂತ ತಣ್ಣಗಾಗಬಾರದು, ಕೂಸಿಗೆ ನೇರ ಗಾಳಿ ಬೀಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಾವು ಎಣ್ಣೆ ತುಂಬಿದ ಕರೆಂಟ್ ಹೀಟರ್ ಇಟ್ಟೆವು. ಉರಿ ಇಲ್ಲ, ಫ್ಯಾನ್ ಇಲ್ಲ, ಅದರಿಂದ ಗಾಳಿ ಕೆಡುವುದಿಲ್ಲ. ಕೆಂಡ ಜಗಲಿಗೆ ಹೋಯಿತು. ಕೂಸಿನ ಬಟ್ಟೆಯನ್ನು ಅಲ್ಲೇ ಬೆಚ್ಚಗೆ ಮಾಡಿ ತರುತ್ತಿದ್ದೆವು. ಸಾಂಬ್ರಾಣಿ ಹೊಗೆ ಪೂರ್ತಿ ನಿಲ್ಲಿಸಿದೆವು. ಅತ್ತೆ ಎರಡು ದಿನ ಮುನಿಸಿಕೊಂಡರು. ಆಮೇಲೆ ಜಗಲಿಯ ಕೆಂಡದ ಕೆಲಸ ಅವರೇ ವಹಿಸಿಕೊಂಡರು.

ಯಾವ ಮೀಟರ್?

ಅಂಗಡಿಯಲ್ಲೂ ಆನ್‌ಲೈನಿನಲ್ಲೂ ನೋಡಲು ಒಂದೇ ಥರದ ಡಬ್ಬಗಳು ಸಿಗುತ್ತವೆ. ಒಳಗಿನ ಸೆನ್ಸರ್ ಮಾತ್ರ ಬೇರೆ.

ಅಗ್ಗದವು ಎಷ್ಟೋ ಸಲ ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಗಾಳಿಯಲ್ಲಿರುವ ಬೇರೆ ಆವಿಗಳನ್ನು ಗ್ರಹಿಸಿ, ಉಸಿರು ಇಷ್ಟಿರಬಹುದು ಎಂದು ಅಂದಾಜಿಗೆ ಒಂದು ಅಂಕಿ ತೋರಿಸುತ್ತವೆ. ವಿವರದಲ್ಲಿ "ಇಸಿಒ2" ಎಂದೋ, ಸಿಸಿಎಸ್811, ಎಸ್‌ಜಿಪಿ30 ಎಂದೋ ಇದ್ದರೆ ಅದು ಈ ಜಾತಿ. ಪರೀಕ್ಷೆ ಸುಲಭ. ಹತ್ತಿರದಲ್ಲಿ ಕೈಗೆ ಸ್ಯಾನಿಟೈಜರ್ ಹಚ್ಚಿಕೊಳ್ಳಿ. ಅಂಕಿ ಸಾವಿರಗಟ್ಟಲೆ ಜಿಗಿದರೆ ಬಿಟ್ಟುಬಿಡಿ. ಅಡುಗೆಮನೆಯ ಒಗ್ಗರಣೆಗೂ ಅದು ಬೆಚ್ಚಿಬೀಳುತ್ತದೆ.

ನಿಜವಾಗಿ ಅಳೆಯುವುದರಲ್ಲಿ ಎರಡು ಬಗೆ. ಎನ್‌ಡಿಐಆರ್ ಎನ್ನುವುದು ಅವಗೆಂಪು ಬೆಳಕನ್ನು ಗಾಳಿಯ ಮೂಲಕ ಹಾಯಿಸಿ, ಎಷ್ಟು ಹೀರಿಹೋಯಿತು ಎಂದು ನೋಡುತ್ತದೆ. ಎಸ್‌ಸಿಡಿ30, ಎಂಎಚ್-ಝಡ್19 ಇಂಥವು. ಇನ್ನೊಂದರಲ್ಲಿ ಬೆಳಕು ಹೀರಿದ ಅನಿಲ ಹಿಗ್ಗುವಾಗ ಆಗುವ ಸೂಕ್ಷ್ಮ ಸದ್ದನ್ನು ಪುಟ್ಟ ಮೈಕ್ ಕೇಳಿಸಿಕೊಳ್ಳುತ್ತದೆ. ಎಸ್‌ಸಿಡಿ40, ಎಸ್‌ಸಿಡಿ41 ಈ ಬಗೆಯವು. ಮನೆಗೆ ಎರಡೂ ಸಾಕು. ನನ್ನ ಪ್ರಕಾರ ಮಲೆನಾಡಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಕರೆಂಟಿನದು. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಯಾರು ಹೇಳಬಲ್ಲರು? ಬ್ಯಾಟರಿಯಲ್ಲಿ ನಡೆಯುವುದನ್ನೇ ಕೊಳ್ಳಿ. ಲಾಟ್ವಿಯಾ ದೇಶದ ಆರಾನೆಟ್4 ಎರಡು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತದೆ, ಆದರೆ ಬೆಲೆ ಜಾಸ್ತಿ. ಪವರ್ ಬ್ಯಾಂಕಿಗೆ ಚುಚ್ಚಬಹುದಾದದ್ದೂ ನಡೆಯುತ್ತದೆ.

ಕೊಂಡ ಮೇಲೆ ಎರಡು ಕೆಲಸ ಇದೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ 1,000 ಮೀಟರಿಗೂ ಮೇಲಿದೆ, ಹಾಸನ ಅದಕ್ಕಿಂತ ಸ್ವಲ್ಪ ಕೆಳಗೆ. ಇಲ್ಲಿ ಗಾಳಿಯ ಒತ್ತಡ ಹತ್ತಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚೇ ಕಡಿಮೆ. ಎತ್ತರವನ್ನು ಮೀಟರಿಗೆ ತಿಳಿಸದಿದ್ದರೆ ಅದು ನಿಜಕ್ಕಿಂತ ಅಷ್ಟು ಕಡಿಮೆ ತೋರಿಸಬಹುದು. ಸೆಟ್ಟಿಂಗ್‌ನಲ್ಲಿ ಎತ್ತರ ಹಾಕುವ ಜಾಗ ಇದೆಯೇ ನೋಡಿ.

ಎರಡನೆಯದು ಬಾಣಂತಿ ಕೋಣೆಗೆ ಇನ್ನೂ ಮುಖ್ಯ. ತುಂಬ ಮೀಟರ್‌ಗಳು ತಮ್ಮನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಹೊರಗಿನ ಗಾಳಿ ಎಂದು ನಂಬಿ, ಅದನ್ನೇ 400 ಎಂದು ಹಿಡಿಯುತ್ತವೆ. ಕೋಣೆ ಇಡೀ ವಾರ 700ಕ್ಕಿಂತ ಕೆಳಗೆ ಇಳಿಯದಿದ್ದರೆ ಆ 700 ಅದರ ಕಣ್ಣಿಗೆ 400 ಆಗುತ್ತದೆ. ಆಮೇಲೆ ತೋರಿಸುವುದೆಲ್ಲ ಸುಳ್ಳು ನೆಮ್ಮದಿ. ವಾರಕ್ಕೊಮ್ಮೆ ಅದನ್ನು ಜಗಲಿಗೆ ಒಯ್ದು, ಮಳೆ ತಾಗದ ಕಡೆ ಅರ್ಧ ಗಂಟೆ ಇಡಿ. ಪಕ್ಕದಲ್ಲಿ ನಿಂತು ಉಸಿರಾಡಬೇಡಿ.

ಮೀಟರ್ ಕೊಳ್ಳಲು ಆಗದವರು ಮೂಗನ್ನೇ ನಂಬಬಹುದು. ಒಳಗೇ ಕೂತ ಮೂಗಿಗೆ ವಾಸನೆ ಒಗ್ಗಿಹೋಗಿರುತ್ತದೆ. ಐದು ನಿಮಿಷ ಹೊರಗಿದ್ದು ಬನ್ನಿ. ಒಳಗೆ ಕಾಲಿಟ್ಟ ಮೊದಲ ಉಸಿರಿಗೇ ಗೊತ್ತಾಗುತ್ತದೆ.

ಗಾಳಿಗೆ ದಾರಿ: ನಾಲ್ಕು ಉಪಾಯ

ಮೂಡಿಗೆರೆ ಕಡೆಯ ನಮ್ಮ ಹಳೇ ಮನೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹೆಂಚಿನ ಸಂದಿ, ಮರದ ಅಟ್ಟದ ಸಂದಿ, ಕಿಟಕಿಯ ಮೇಲಿನ ಬೆಳಕಿಂಡಿ. ನೀವು ಎಷ್ಟೇ ಮುಚ್ಚಿದರೂ ಮನೆ ಉಸಿರಾಡುತ್ತಿತ್ತು. ಅತ್ತೆ ತಮ್ಮ ಬಾಣಂತನಗಳಲ್ಲಿ ಕೆಂಡ ಇಟ್ಟುಕೊಂಡು ಪಾರಾದದ್ದು ಆ ಸಂದಿಗಳ ಪುಣ್ಯ. ಟೌನಿನ ಮನೆಗೆ ಆರ್‌ಸಿಸಿ ತಾರಸಿ, ರಬ್ಬರ್ ಪಟ್ಟಿಯ ಸ್ಲೈಡಿಂಗ್ ಕಿಟಕಿ. ಹಳೇ ಮನೆಯ ಪದ್ಧತಿಯನ್ನು ಹೊಸ ಮನೆಗೆ ತಂದಾಗ ಆ ಸಂದಿಗಳನ್ನು ತರಲು ಮರೆತೆವು.

ಮೊದಲ ಉಪಾಯ, ಹತ್ತು ನಿಮಿಷ ಎಲ್ಲ ತೆರೆಯುವುದು. ತಾಯಿ ಸ್ನಾನಕ್ಕೆ ಹೋದಾಗ ಕೂಸನ್ನು ನಡುಮನೆಗೆ ಒಯ್ದು, ಕಿಟಕಿ ಬಾಗಿಲು ಎರಡೂ ಹಾರುಹೊಡೆದು ಬಿಡಿ. ನಮ್ಮಲ್ಲಿ 2,000 ಇದ್ದದ್ದು 600ಕ್ಕೆ ಬಂತು. ಕೋಣೆ ತಣ್ಣಗಾಗುತ್ತದೆ ಎಂಬ ಭಯ ಬೇಡ. ಕೋಣೆಯ ಅಷ್ಟೂ ಗಾಳಿಯನ್ನು 20ರಿಂದ 25 ಡಿಗ್ರಿಗೆ ತರಲು 1,000 ವ್ಯಾಟಿನ ಹೀಟರ್ ಮೂರು ನಿಮಿಷ ಕೊಡುವಷ್ಟು ಶಾಖ ಸಾಕು. ಶಾಖ ಕೂತಿರುವುದು ಗೋಡೆ, ಹಾಸಿಗೆ, ನೆಲದಲ್ಲಿ. ಅವು ಹತ್ತು ನಿಮಿಷದಲ್ಲಿ ಆರುವುದಿಲ್ಲ. ಖರ್ಚು ಏನೂ ಇಲ್ಲ. ಕೊರತೆ ಒಂದೇ: ಮುಚ್ಚಿದ ಒಂದೆರಡು ಗಂಟೆಯಲ್ಲಿ ಅಂಕಿ ಮತ್ತೆ ಏರುತ್ತದೆ. ರಾತ್ರಿಗೆ ಇದು ಸಾಲದು.

ಎರಡನೆಯದು, ರಾತ್ರಿಯಿಡೀ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡುವುದು. ಇಲ್ಲಿ ಯಾವ ಕಿಟಕಿ ಎಂಬುದೇ ಮುಖ್ಯ. ಮುಂಗಾರಿನ ಗಾಳಿ ನಮಗೆ ಪಡುವಣದಿಂದ ಬರುತ್ತದೆ. ಪಡು ಕಿಟಕಿ ತೆರೆದರೆ ಎರಚಲು ಹಾಸಿಗೆಯವರೆಗೂ ಬರುತ್ತದೆ. ಅದನ್ನು ಮುಚ್ಚಿ, ಮೂಡಲ ಕಿಟಕಿಯನ್ನು ತುಸು ತೆರೆಯಿರಿ, ಬಾಗಿಲ ಸಂದಿಯ ಸೀರೆ ತೆಗೆಯಿರಿ. ನಡುಮನೆಯ ಕಡೆಯಿಂದ ಗಾಳಿ ಮೆಲ್ಲಗೆ ಬಂದು ಮೂಡಲಿಗೆ ಹೋಗುತ್ತದೆ. ಮಂಚವನ್ನು ಈ ದಾರಿಯಿಂದ ಪಕ್ಕಕ್ಕೆ ಸರಿಸಿ. ಸೊಳ್ಳೆ ಜಾಲರಿ ಇದ್ದರೆ ತೊಳೆದಿಡಿ. ಧೂಳು ಕಟ್ಟಿದ ಜಾಲರಿಯಲ್ಲಿ ಗಾಳಿ ಅಷ್ಟಾಗಿ ಹಾಯುವುದಿಲ್ಲ. ಕಿಟಕಿಯ ಮೇಲೆ ವೆಂಟಿಲೇಟರ್ ಇದ್ದರೆ ನಾಲ್ಕು ಬೆರಳಿಗಿಂತ ಅದೇ ಒಳ್ಳೆಯದು. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ಮಂಚದ ಮಟ್ಟದಲ್ಲಿ ಬೀಸುವುದಿಲ್ಲ. ನಮ್ಮದಕ್ಕೆ ಯಾವಾಗಲೋ ಸೊಳ್ಳೆ ಬರುತ್ತೆ ಅಂತ ಪ್ಲಾಸ್ಟಿಕ್ ಬಡಿದಿದ್ದೆವು. ಅದನ್ನು ಕಿತ್ತು ಜಾಲರಿ ಹಾಕಿಸಿದ ರಾತ್ರಿ ಬೆಳಗಿನ ಅಂಕಿ 1,100. ಮೂರು ತಿಂಗಳಲ್ಲಿ ಮಾಡಿದ ಅತಿ ಅಗ್ಗದ, ಅತಿ ಒಳ್ಳೆಯ ಕೆಲಸ ಅದು.

"ಮಳೆ ಗಾಳಿ ಬಿಟ್ಟರೆ ಮುಗ್ಗಲು ಹಿಡಿಯಲ್ವಾ?" ಎಂದು ಕೇಳುತ್ತಾರೆ. ಹೊರಗಿನ 20 ಡಿಗ್ರಿಯ ಒದ್ದೆ ಗಾಳಿಯಲ್ಲಿ ತೇವ ಶೇಕಡ 95 ಇದ್ದರೂ, ಒಳಗೆ 25 ಡಿಗ್ರಿಗೆ ಬೆಚ್ಚಗಾದರೆ ಸುಮಾರು 70ಕ್ಕೆ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ನಮ್ಮ ಉಸಿರು, ಒದ್ದೆ ಲಂಗೋಟಿಗಳು ಅದಕ್ಕಿಂತ ಜಾಸ್ತಿ ತೇವ ತುಂಬುತ್ತವೆ. ಬಟ್ಟೆ ಒಣಹಾಕುವುದನ್ನು ಕೋಣೆಯಿಂದ ಹೊರಗೆ ತನ್ನಿ. ಬೂಷ್ಟು ಹಿಡಿಯುವ ತಣ್ಣನೆ ಗೋಡೆ ಇದ್ದರೆ ಡಿಹ್ಯೂಮಿಡಿಫೈಯರ್ ಉಪಯೋಗ. ಅದು ನೀರನ್ನು ಮಾತ್ರ ತೆಗೆಯುತ್ತದೆ, ಹಳಸಿದ ಗಾಳಿ ಹಾಗೇ ಉಳಿಯುತ್ತದೆ.

ಮೂರನೆಯದು, ಎಕ್ಸಾಸ್ಟ್ ಫ್ಯಾನ್. ಕಿಟಕಿ ತೆರೆಯಲು ಆಗದ ಕೋಣೆಗೆ ಇದೇ ಸರಿ. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಇಬ್ಬರು ದೊಡ್ಡವರಿಗೆ ಗಂಟೆಗೆ 72 ಘನ ಮೀಟರ್. 6 ಇಂಚಿನ ಸಾಧಾರಣ ಫ್ಯಾನ್ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. ಹಾಗಾಗಿ ದೊಡ್ಡದು ಬೇಡ, ಸದ್ದು ಕಡಿಮೆ ಇರುವುದನ್ನು ನೋಡಿ. ಸದ್ದಿಗೆ ಕೂಸು ಎದ್ದರೆ ಎರಡೇ ದಿನಕ್ಕೆ ಅದನ್ನು ಆಫ್ ಮಾಡಿಬಿಡುತ್ತೀರಿ. ಒಂದು ಎಚ್ಚರ: ಫ್ಯಾನ್ ಹೊರಗೆ ಎಳೆದಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಉಳಿದ ದಾರಿ ಮುಚ್ಚಿದ್ದರೆ ಬಚ್ಚಲೊಲೆಯ ಹೊಗೆಯನ್ನೋ, ಗೀಸರ್ ಹೊಗೆಯನ್ನೋ ಅದು ಮನೆಯೊಳಗೆ ಎಳೆದುಕೊಳ್ಳುತ್ತದೆ. ಒಲೆ ಉರಿಯುವಾಗ ಫ್ಯಾನ್ ನಿಲ್ಲಿಸಿ.

ನಾಲ್ಕನೆಯದು, ಒಳಗಿನ ಶಾಖ ಉಳಿಸಿಕೊಂಡು ಗಾಳಿ ಬದಲಿಸುವ ಇಆರ್‌ವಿ ಯಂತ್ರ. ಒಳ್ಳೆಯದೇ. ಆದರೆ ಮೂರು ತಿಂಗಳ ಬಾಣಂತನಕ್ಕೆ ಅದು ದುಬಾರಿ. ಎಸಿ ಹಾಕಿದ ಕ್ಲಿನಿಕ್ಕು, ಟ್ಯೂಷನ್ ಹಾಲ್‌ಗಳಿಗೆ ಯೋಚಿಸಬಹುದು.

ಗಿಡ ಇಟ್ಟರೆ ಸಾಕು ಎನ್ನುವವರೂ ಇದ್ದಾರೆ. ರಾತ್ರಿ ಹೆಚ್ಚಿನ ಗಿಡಗಳು ನಮ್ಮಂತೆಯೇ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಇನ್ನು ಬೇರೆ ಆವಿಗಳನ್ನು ತೆಗೆಯಲೂ, ಕಿಟಕಿ ಮಾಡುವ ಕೆಲಸವನ್ನು ಗಿಡ ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಎಂದು 2019ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಮನಿ ಪ್ಲಾಂಟ್ ಚಂದಕ್ಕೆ ಇರಲಿ.

ಪ್ಯೂರಿಫೈಯರ್: ಇಲ್ಲಿ ಬೇಡ, ಹಾಸನದಲ್ಲಿ ಬೇಕಾಯಿತು

ಪ್ಯೂರಿಫೈಯರ್ ಕೊಡುವುದಾಗಿ ನೆಂಟರೊಬ್ಬರು ಹೇಳಿದ್ದರು. ಮಳೆಗಾಲದ ಚಿಕ್ಕಮಗಳೂರಿಗೆ ಬೇಡ ಎಂದೆ. ಅದರ ಹೆಪಾ ಫಿಲ್ಟರ್ ಧೂಳು, ಹೊಗೆಯ ಕಣ, ಬೂಷ್ಟಿನ ಬೀಜಾಣು ಹಿಡಿಯುತ್ತದೆ. ಇಂಗಾಲದ ಡೈಆಕ್ಸೈಡೂ ಕಾರ್ಬನ್ ಮಾನಾಕ್ಸೈಡೂ ಅದರಿಂದ ಹಾಗೇ ನುಸುಳಿ ಹೋಗುತ್ತವೆ. ಮೇಲಾಗಿ ಅದನ್ನು ಹಾಕಿದವರು ಕಿಟಕಿ ಮುಚ್ಚುತ್ತಾರೆ. ಗಾಳಿ ತೊಳೆದಂತಿರುತ್ತದೆ, ಆದರೆ ಅದದೇ ಉಸಿರು ಸುತ್ತುತ್ತಿರುತ್ತದೆ. ಹೊರಗೆ ಮಳೆ ತೊಳೆದ ಗಾಳಿ ಬಿಟ್ಟಿ ಸಿಗುವಾಗ ಅದನ್ನು ತಡೆಯುವುದು ಯಾಕೆ?

ಅಕ್ಟೋಬರಿನಲ್ಲಿ ಮಗಳು ಕೂಸಿನೊಡನೆ ಹಾಸನಕ್ಕೆ ಹೋದಳು. ಅವರ ಮನೆ ಬಿ.ಎಂ. ರಸ್ತೆಗೆ ಹತ್ತಿರ. ಅಲ್ಲಿ ಉತ್ತರ ಬದಲಾಯಿತು. ರಸ್ತೆ ಕಡೆ ಕಿಟಕಿ ತೆರೆದರೆ ಅಂಕಿ ಇಳಿಯುತ್ತದೆ, ಲಾರಿ ಹೊಗೆಯೂ ಧೂಳೂ ಒಳಗೆ ಬರುತ್ತವೆ. ಸೂಕ್ಷ್ಮ ಕಣಗಳಿಗೆ, ಅಂದರೆ ಪಿಎಂ2.5ಗೆ, ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಿತಿ 60. ಕೂಸಿನ ವಿಷಯದಲ್ಲಿ ನಾನು 15ರ ಕಡೆಗೇ ನಿಲ್ಲುತ್ತೇನೆ. ಅಲ್ಲಿ ಎರಡೂ ಬೇಕಾದವು: ಹಿತ್ತಲ ಕಡೆಯ ಕಿಟಕಿ ತುಸು ತೆರೆದು, ಪ್ಯೂರಿಫೈಯರನ್ನು ಕೋಣೆಯ ನಡುವೆ ಓಡಿಸುವುದು. ಪ್ಯೂರಿಫೈಯರ್ ಕೊಳ್ಳುವಾಗ ಅದು ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ನೋಡಿ. ಕೋಣೆಯ ಗಾಳಿಯ ನಾಲ್ಕೈದು ಪಟ್ಟು ಇರಲಿ. ನಮ್ಮಂಥ ಕೋಣೆಗೆ 150ರ ಮೇಲೆ. ಓಝೋನ್, ಅಯಾನ್ ಬಿಡುತ್ತದೆ ಎಂದು ಹೊಗಳುವ ಮಾದರಿ ಬೇಡ. ಓಝೋನ್ ಎಳೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಹೊರಡುವ ದಿನ ಅತ್ತೆ ಮೀಟರನ್ನು ಕೂಸಿನ ಬಟ್ಟೆಗಳ ನಡುವೆ ಸುತ್ತಿಟ್ಟರು. "ಅಲ್ಲಿ ಹೋದ ಮೇಲೆ ವಾರಕ್ಕೊಂದ್ಸಲ ಹೊರಗಿಡೋದು ಮರೀಬೇಡ" ಅಂತ ಮೊಮ್ಮಗಳಿಗೆ ಹೇಳಿದರು.